ಕೊಲೆಯ ಒಳಸಂಚು ಮತ್ತು ಅದರ ರುಜುವಾತು: ಭಾರತೀಯ ದಂಡನ್ಯಾಯದ ಚಾರಿತ್ರಿಕ ಅವಲೋಕನ

ದಂಡನ್ಯಾಯದ ದೃಷ್ಟಿಯಲ್ಲಿ ಕೊಲೆಯು ಪ್ರತ್ಯಕ್ಷವಾದ ಒಂದು ಘಟನೆ. ಅದಕ್ಕೆ ಮೃತದೇಹವುಂಟು, ಆಯುಧವುಂಟು, ಸ್ಥಳಕಾಲಗಳುಂಟು. ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಕಂಡವರ ಹೇಳಿಕೆ ಇವುಗಳ ಮೂಲಕ ಅದನ್ನು ನ್ಯಾಯಾಲಯದ ಮುಂದಿರಿಸಬಹುದು. ಕೊಲೆಯ ಒಳಸಂಚು ಹಾಗಲ್ಲ. ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಬ್ಬನ ಪ್ರಾಣ ತೆಗೆಯುವುದೆಂದು ಪರಸ್ಪರ ಮಾಡಿಕೊಂಡ ಒಪ್ಪಂದವೇ ಅದರ ಸರ್ವಸ್ವ. ಆ ಒಪ್ಪಂದಕ್ಕೆ ಸಾಮಾನ್ಯವಾಗಿ ಬರಹವಿರುವುದಿಲ್ಲ, ಹೊರಗಿನವರ ಸಾಕ್ಷಿಯೂ ಇರುವುದಿಲ್ಲ. ಆದುದರಿಂದ ಆರೋಪಿಗಳ ನಡತೆ, ಮಾತು, ಪತ್ರವ್ಯವಹಾರ, ಪ್ರಯಾಣ ಮೊದಲಾದ ಕುರುಹುಗಳಿಂದ ಅದನ್ನು ಊಹಿಸಿ ತಿಳಿಯಬೇಕಾಗುತ್ತದೆ.

ಹೀಗೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಬಗೆಯನ್ನು ತರ್ಕಶಾಸ್ತ್ರವು ಅನುಮಾನ ಎಂದು ಕರೆಯುತ್ತದೆ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಅರಿಯುವುದು ಅದರ ಪ್ರಸಿದ್ಧ ನಿದರ್ಶನ. ಅದು ಒಂದು ಪ್ರಮಾಣ, ಅಂದರೆ ನಿಶ್ಚಿತ ಜ್ಞಾನಕ್ಕೆ ಸಾಧನ. ಆದರೆ ಬಳಕೆಯ ಕನ್ನಡದಲ್ಲಿ ‘ಅವನ ಮೇಲೆ ಅನುಮಾನವಿದೆ’ ಎಂದರೆ ಸಂಶಯವಿದೆ ಎಂದಷ್ಟೇ ಅರ್ಥ. ಒಂದೇ ಶಬ್ದ ಒಂದೆಡೆ ರುಜುವಾತನ್ನೂ ಇನ್ನೊಂದೆಡೆ ಬರಿಯ ಶಂಕೆಯನ್ನೂ ಸೂಚಿಸುತ್ತದೆ. ಕೊಲೆಯ ಒಳಸಂಚನ್ನು ಕುರಿತ ಭಾರತೀಯ ಕಾನೂನಿನ ಚರಿತ್ರೆಯನ್ನು ಈ ಎರಡು ಅರ್ಥಗಳನ್ನು ಬೇರ್ಪಡಿಸುವ ಪ್ರಯತ್ನದ ಚರಿತ್ರೆಯೆಂದು ಓದಲು ಸಾಧ್ಯವಿದೆ. ಶಾಸನವು ಸಂಚಿನ ಬಲೆಯನ್ನು ಹಂತಹಂತವಾಗಿ ಅಗಲಗೊಳಿಸಿತು. ಅದರ ಮಿತಿಗಳನ್ನು ಗುರುತಿಸುವ ಹೊಣೆ ನ್ಯಾಯಾಲಯಗಳ ಮೇಲೆ ಬಿತ್ತು. ಆ ಮಿತಿಗಳು ಶಿಕ್ಷೆಗಳಿಗಿಂತ ಖುಲಾಸೆಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನದ ಹಿನ್ನೆಲೆ

1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತ ದಂಡ ಸಂಹಿತೆಯ ಮೂಲರೂಪದಲ್ಲಿ ಒಳಸಂಚು ಸ್ವತಂತ್ರವಾದ ಸಾಮಾನ್ಯ ಅಪರಾಧವಾಗಿರಲಿಲ್ಲ. 107ನೆಯ ಕಲಮಿನಲ್ಲಿ ಅದು ದುಷ್ಪ್ರೇರಣೆಯ ಒಂದು ಬಗೆಯಾಗಿ ಮಾತ್ರ ಸ್ಥಾನ ಪಡೆದಿತ್ತು. ಆ ಕಲಮಿನ ಪ್ರಕಾರ ಬರಿಯ ಒಪ್ಪಂದ ಸಾಲದು. ಒಪ್ಪಂದದ ಅನುಸಾರವಾಗಿ ಒಂದು ಕೃತ್ಯವೋ ಕಾನೂನುಬಾಹಿರ ಲೋಪವೋ ನಡೆದಿರಬೇಕು. 1870ರಲ್ಲಿ ಸೇರಿಸಲಾದ 121-ಎ ಕಲಮು ಪ್ರಭುತ್ವದ ವಿರುದ್ಧ ಯುದ್ಧ ಹೂಡುವ ಸಂಚನ್ನು ಶಿಕ್ಷಾರ್ಹವಾಗಿಸಿತು. ಆದರೆ ಒಬ್ಬ ವ್ಯಕ್ತಿಯ ಕೊಲೆಯ ಸಂಚಿನ ಮಟ್ಟಿಗೆ ಹಳೆಯ ಸ್ಥಿತಿಯೇ ಮುಂದುವರಿಯಿತು.

1912ರ ಡಿಸೆಂಬರ್ 23ರಂದು ದೆಹಲಿಯಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರ ಮೇಲೆ ಬಾಂಬ್ ಎಸೆಯಲಾಯಿತು. ಮರುವರ್ಷವೇ, 1913ರ ದಂಡ ಕಾನೂನು ತಿದ್ದುಪಡಿ ಅಧಿನಿಯಮದ ಮೂಲಕ, 120-ಎ ಮತ್ತು 120-ಬಿ ಕಲಮುಗಳು ಸಂಹಿತೆಗೆ ಸೇರ್ಪಡೆಯಾದವು. ಇದರಿಂದಾದ ಬದಲಾವಣೆ ಮೂಲಭೂತವಾದುದು. ಅಪರಾಧವನ್ನು ಎಸಗುವ ಒಪ್ಪಂದವೇ ಅಂದಿನಿಂದ ಅಪರಾಧವಾಯಿತು. ಅದಕ್ಕೆ ಅನುಸಾರವಾಗಿ ಯಾವ ಕೃತ್ಯವೂ ನಡೆದಿರಬೇಕಾದ ಅಗತ್ಯ ಉಳಿಯಲಿಲ್ಲ. ಉದ್ದೇಶಿತ ಕೊಲೆ ನಡೆದರೆ ಕೊಂದವನಿಗೆ ವಿಧಿಸಬಹುದಾದ ಶಿಕ್ಷೆ ಸಂಚುಗಾರನಿಗೂ ಅನ್ವಯಿಸುತ್ತದೆ. 1913ರ ಮೇ 17ರಂದು ಲಾಹೋರಿನ ಲಾರೆನ್ಸ್ ಉದ್ಯಾನದಲ್ಲಿ ಸ್ಫೋಟಿಸಿದ ಬಾಂಬಿನಿಂದ ಒಬ್ಬ ಜವಾನ ಮೃತನಾದ. ಆ ಸಂಬಂಧದ ದೆಹಲಿ ಒಳಸಂಚು ಮೊಕದ್ದಮೆಯಲ್ಲಿ ಅಮೀರ್ ಚಂದ್, ಅವಧ್ ಬಿಹಾರಿ, ಬಾಲಮುಕುಂದ್ ಮತ್ತು ಬಸಂತಕುಮಾರ ಬಿಸ್ವಾಸ್ ಅವರನ್ನು 1915ರಲ್ಲಿ ಗಲ್ಲಿಗೇರಿಸಲಾಯಿತು.

ರುಜುವಾತಿನ ಮಟ್ಟಿಗೆ ಇದಕ್ಕಿಂತಲೂ ಮುಖ್ಯವಾದುದು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಅಧಿನಿಯಮದ 10ನೆಯ ಕಲಮು. ಒಬ್ಬನ ಮಾತು ಇನ್ನೊಬ್ಬನ ವಿರುದ್ಧ ಸಾಕ್ಷ್ಯವಾಗದೆಂಬುದು ಸಾಮಾನ್ಯ ನಿಯಮ. ಈ ಕಲಮು ಅದಕ್ಕೆ ದೊಡ್ಡ ಅಪವಾದ. ಇಬ್ಬರು ಅಥವಾ ಹೆಚ್ಚು ಮಂದಿ ಸಂಚು ಹೂಡಿದ್ದಾರೆಂದು ನಂಬಲು ಸಮಂಜಸ ಆಧಾರವಿದ್ದಲ್ಲಿ, ಅವರ ಸಮಾನ ಉದ್ದೇಶವನ್ನು ಕುರಿತು ಅವರಲ್ಲೊಬ್ಬನು ಆಡಿದ, ಮಾಡಿದ ಅಥವಾ ಬರೆದ ಯಾವುದೇ ಸಂಗತಿಯು ಉಳಿದೆಲ್ಲರ ವಿರುದ್ಧವೂ ಸುಸಂಗತವಾಗುತ್ತದೆ. ಸಂಚು ಇತ್ತೆಂಬುದನ್ನು ತೋರಿಸಲೂ, ಇಂಥವನು ಅದರಲ್ಲಿ ಪಾಲುಗಾರನೆಂಬುದನ್ನು ತೋರಿಸಲೂ ಅದನ್ನು ಬಳಸಬಹುದು. ಕಲಮಿಗೆ ಕೊಟ್ಟ ನಿದರ್ಶನದಲ್ಲಿ ಒಬ್ಬನು ಯೂರೋಪಿನಲ್ಲಿ ಶಸ್ತ್ರ ಸಂಗ್ರಹಿಸುತ್ತಾನೆ, ಮತ್ತೊಬ್ಬನು ಕಲ್ಕತ್ತೆಯಲ್ಲಿ ಹಣ ಕೂಡಿಸುತ್ತಾನೆ, ಇನ್ನೊಬ್ಬನು ಮುಂಬಯಿಯಲ್ಲಿ ಜನರನ್ನು ಒಲಿಸುತ್ತಾನೆ, ಮಗುದೊಬ್ಬನು ದೆಹಲಿಯಿಂದ ಕಾಬೂಲಿಗೆ ಹಣ ಕಳುಹಿಸುತ್ತಾನೆ. ಇವರು ಒಬ್ಬರನ್ನೊಬ್ಬರು ಅರಿಯದಿದ್ದರೂ ಒಬ್ಬನ ಕೃತ್ಯ ಇನ್ನೊಬ್ಬನ ವಿರುದ್ಧ ಸಾಕ್ಷ್ಯವಾಗಬಲ್ಲದು. ಸಾಮ್ರಾಜ್ಯದ ಭೂಪಟವನ್ನು ಕಣ್ಣ ಮುಂದಿಟ್ಟುಕೊಂಡು ಬರೆದಂತಿರುವ ಈ ನಿದರ್ಶನವು ಕಲಮಿನ ವ್ಯಾಪ್ತಿಯನ್ನೂ ಅದರ ಹಿಂದಿನ ಆತಂಕವನ್ನೂ ಒಟ್ಟಿಗೆ ಸೂಚಿಸುತ್ತದೆ.

ಈ ಕಲಮಿನಲ್ಲಿ ಒಂದು ತಾರ್ಕಿಕ ಸುಳಿಯೂ ಇದೆ. ಸಂಚು ಇತ್ತೆಂದು ನಂಬಲು ಆಧಾರವಿದ್ದರೆ ಮಾತ್ರ ಸಾಕ್ಷ್ಯವನ್ನು ಒಳಗೆ ಬಿಡಬೇಕು. ಒಳಗೆ ಬಂದ ಸಾಕ್ಷ್ಯವೇ ಸಂಚು ಇತ್ತೆಂಬುದನ್ನು ಸಿದ್ಧಪಡಿಸಬೇಕು. ಸಾಧಿಸಬೇಕಾದುದನ್ನೇ ಸಾಧನವಾಗಿ ಹಿಡಿಯುವ ಈ ಅಪಾಯವನ್ನು ತಪ್ಪಿಸಲು ‘ಸಮಂಜಸ ಆಧಾರ’ವು ಕಲಮಿನ ಹೊರಗಿನ ಸ್ವತಂತ್ರ ಸಾಕ್ಷ್ಯದಿಂದಲೇ ಮೊದಲು ಮೇಲ್ನೋಟಕ್ಕೆ ಸಿದ್ಧವಾಗಬೇಕೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ.

ಕಾಲದ ಮಿತಿ

10ನೆಯ ಕಲಮಿಗೆ ಮೊದಲ ಸ್ಪಷ್ಟ ಮಿತಿಯನ್ನು ಹಾಕಿದ್ದು 1940ರ ಮಿರ್ಜಾ ಅಕ್ಬರ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ನೀಡಿದ ತೀರ್ಪು. ವಾಯವ್ಯ ಗಡಿನಾಡಿನಿಂದ ಬಂದ ಈ ಮೇಲ್ಮನವಿಯಲ್ಲಿ, ಒಬ್ಬ ಸ್ತ್ರೀಯ ಗಂಡನನ್ನು ಬಾಡಿಗೆಯ ಕೊಲೆಗಾರನಿಂದ ಕೊಲ್ಲಿಸಲಾಯಿತೆಂಬುದು ಆರೋಪ. ಆ ಸ್ತ್ರೀಗೂ ಮೇಲ್ಮನವಿದಾರನಿಗೂ ನಡುವೆ ನಡೆದ ಪತ್ರವ್ಯವಹಾರ ಒಂದು ಸಾಕ್ಷ್ಯ. ಬಂಧನದ ನಂತರ ಆಕೆ ಮ್ಯಾಜಿಸ್ಟ್ರೇಟರ ಮುಂದೆ ನೀಡಿದ ಹೇಳಿಕೆ ಇನ್ನೊಂದು. ಲಾರ್ಡ್ ರೈಟ್ ಬರೆದ ತೀರ್ಪು ಇವೆರಡನ್ನೂ ಬೇರೆ ಬೇರೆಯಾಗಿ ಕಂಡಿತು. ಪತ್ರಗಳು ಸಂಚು ಜೀವಂತವಾಗಿದ್ದಾಗ, ಅದರ ಗುರಿಸಾಧನೆಗಾಗಿ ಬರೆದವು, ಆದುದರಿಂದ ಸ್ವೀಕಾರಾರ್ಹ. ಹೇಳಿಕೆಯು ಸಂಚು ಮುಗಿದ ಮೇಲೆ, ನಡೆದುಹೋದುದರ ನಿರೂಪಣೆಯಾಗಿ ಬಂದುದು. ಅದು 10ನೆಯ ಕಲಮಿನ ಅಡಿಯಲ್ಲಿ ಇನ್ನೊಬ್ಬನ ವಿರುದ್ಧ ಸಲ್ಲದು. ‘ಸಮಾನ ಉದ್ದೇಶ’ ಎಂಬ ಪದಗಳು ಆ ಉದ್ದೇಶ ಅಸ್ತಿತ್ವದಲ್ಲಿದ್ದ ಕಾಲವನ್ನೇ ಸೂಚಿಸುತ್ತವೆ ಎಂಬುದು ಈ ನಿರ್ಣಯದ ತಿರುಳು. ಪತ್ರಗಳ ಬಲದಿಂದ ಶಿಕ್ಷೆ ಉಳಿಯಿತಾದರೂ ತತ್ತ್ವದ ದೃಷ್ಟಿಯಿಂದ ಬಲೆಯ ಅಂಚು ಇಲ್ಲಿ ಗುರುತಾಯಿತು.

ಕೆಂಪುಕೋಟೆಯ ವಿಚಾರಣೆ

1948ರ ಜನವರಿ 30ರಂದು ಮಹಾತ್ಮ ಗಾಂಧಿಯವರನ್ನು ಕೊಂದವನು ಯಾರೆಂಬ ಬಗ್ಗೆ ವಿವಾದವಿರಲಿಲ್ಲ. ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾಸಭೆಯಲ್ಲಿ ನಾಥೂರಾಮ್ ಗೋಡ್ಸೆ ಎಲ್ಲರ ಕಣ್ಣೆದುರಿಗೆ ಗುಂಡು ಹಾರಿಸಿ ಸ್ಥಳದಲ್ಲಿಯೇ ಸೆರೆಯಾದ. ವಿವಾದವಿದ್ದುದು ಒಳಸಂಚಿನ ಬಗ್ಗೆ. ಕೃತ್ಯ ತನ್ನೊಬ್ಬನದೇ, ಸಂಚು ಇರಲೇ ಇಲ್ಲ ಎಂಬುದು ಅವನ ವಾದ. ಮುಂದೆ ಮೇಲ್ಮನವಿಯಲ್ಲಿಯೂ ಅವನು ಕೊಲೆಯ ನಿರ್ಣಯವನ್ನಾಗಲಿ ಮರಣದಂಡನೆಯನ್ನಾಗಲಿ ಪ್ರಶ್ನಿಸದೆ, ಒಳಸಂಚು ಇತ್ತೆಂಬ ನಿರ್ಣಯವನ್ನು ಮಾತ್ರ ಪ್ರಶ್ನಿಸಿದ. ಕೊಂದವನೇ ಸಂಚನ್ನು ಅಲ್ಲಗಳೆಯುವಾಗ ಅದನ್ನು ರುಜುವಾತುಪಡಿಸುವುದು ಹೇಗೆ ಎಂಬುದು ಆ ಮೊಕದ್ದಮೆಯ ನಿಜವಾದ ಪ್ರಶ್ನೆಯಾಗಿತ್ತು.

ವಿಶೇಷ ನ್ಯಾಯಾಧೀಶ ಆತ್ಮಚರಣ್ ಅವರ ಮುಂದೆ ಕೆಂಪುಕೋಟೆಯಲ್ಲಿ ನಡೆದ ವಿಚಾರಣೆಯಲ್ಲಿ ಅಭಿಯೋಜನೆಯ ಪರವಾಗಿ 149 ಸಾಕ್ಷಿಗಳು ನುಡಿದರು. ಸಂಚಿನ ಒಳಗಿನ ಕಥೆಯನ್ನು ಹೇಳಿದವನು ಮಾಫಿ ಸಾಕ್ಷಿಯಾದ ದಿಗಂಬರ ಬಡ್ಗೆ. ಸಹಾಪರಾಧಿಯು ಸಾಕ್ಷಿಯಾಗಲು ಅರ್ಹನೆಂದು ಸಾಕ್ಷ್ಯ ಅಧಿನಿಯಮದ 133ನೆಯ ಕಲಮು ಹೇಳುತ್ತಿತ್ತು. ಆದರೆ ಮುಖ್ಯ ವಿವರಗಳಲ್ಲಿ ಪುಷ್ಟಿ ದೊರೆಯದ ಹೊರತು ಅವನು ವಿಶ್ವಾಸಾರ್ಹನಲ್ಲವೆಂದು ಭಾವಿಸಬಹುದೆಂದು 114ನೆಯ ಕಲಮಿನ ನಿದರ್ಶನವು ಎಚ್ಚರಿಸುತ್ತಿತ್ತು. ಆದುದರಿಂದ ಬಡ್ಗೆಯ ಮಾತಿಗೆ ಹೊರಗಿನಿಂದ ಪುಷ್ಟಿ ಬೇಕಾಯಿತು.

ಆ ಪುಷ್ಟಿ ಬಂದದ್ದು ಸಣ್ಣ ಸಣ್ಣ ದಾಖಲೆಗಳಿಂದ. ಜನವರಿ 17ರಂದು ನಾಥೂರಾಮ್ ಮತ್ತು ನಾರಾಯಣ ಆಪ್ಟೆ ಮುಂಬಯಿಯಿಂದ ದೆಹಲಿಗೆ ಸುಳ್ಳು ಹೆಸರುಗಳಲ್ಲಿ ವಿಮಾನ ಪ್ರಯಾಣ ಮಾಡಿದ್ದರು. ಮರೀನಾ ಹೋಟೆಲಿನ ದಾಖಲೆಯಲ್ಲಿ ಬೇರೆಯೇ ಸುಳ್ಳು ಹೆಸರುಗಳಿದ್ದವು. ಆ ಹೋಟೆಲಿನಲ್ಲಿ ಒಗೆಯಲು ಕೊಟ್ಟ ಬಟ್ಟೆಗಳ ಮೇಲೆ ನಾಥೂರಾಮನ ಹೆಸರಿನ ಮೊದಲಕ್ಷರಗಳಿದ್ದವು. ಅದಕ್ಕೂ ಮೊದಲು, ಜನವರಿ 13 ಮತ್ತು 14ರಂದು, ಅವನು ತನ್ನ ಜೀವವಿಮಾ ಪಾಲಿಸಿಗಳನ್ನು ಆಪ್ಟೆಯ ಪತ್ನಿ ಹಾಗೂ ತನ್ನ ತಮ್ಮ ಗೋಪಾಲನ ಪತ್ನಿಯ ಹೆಸರಿಗೆ ಮಾಡಿದ್ದ. ಜನವರಿ 20ರಂದು ಬಿರ್ಲಾ ಭವನದಲ್ಲಿ ಸ್ಫೋಟ ನಡೆಸಿ ಮದನಲಾಲ್ ಪಹ್ವಾ ಸಿಕ್ಕಿಬಿದ್ದಾಗ ಉಳಿದವರು ದೆಹಲಿಯನ್ನು ತೊರೆದರು. ಜನವರಿ 27ರಂದು ನಾಥೂರಾಮ್ ಮತ್ತು ಆಪ್ಟೆ ಮತ್ತೆ ಸುಳ್ಳು ಹೆಸರುಗಳಲ್ಲಿ ದೆಹಲಿಗೆ ಬಂದರು. ಇವುಗಳಲ್ಲಿ ಯಾವುದೇ ಒಂದು ಸಂಗತಿ ಬಿಡಿಯಾಗಿ ಕೊಲೆಯ ಸಂಚನ್ನು ಸಾರದು. ಆದರೆ ಒಂದು ಕ್ರಮದಲ್ಲಿ ಸೇರಿದಾಗ, ಕೃತ್ಯ ಒಬ್ಬನದೇ ಎಂಬ ವಿವರಣೆಗೆ ಅವು ಎಡೆಗೊಡಲಿಲ್ಲ. ಜನವರಿ 30ರಂದು ಬಂಧನದಲ್ಲಿದ್ದ ಮದನಲಾಲನೂ ಸಂಚಿನ ಅಪರಾಧಿಯೆಂದು ನಿರ್ಣಯವಾದುದು ಗಮನಾರ್ಹ. ಒಪ್ಪಂದವೇ ಅಪರಾಧವೆಂಬ 1913ರ ತತ್ತ್ವ ಅಲ್ಲಿ ಕಾಣುತ್ತದೆ.

1949ರ ಫೆಬ್ರವರಿ 10ರ ತೀರ್ಪಿನಲ್ಲಿ ಇಬ್ಬರಿಗೆ ಮರಣದಂಡನೆಯೂ ಐವರಿಗೆ ಜೀವಾವಧಿ ಗಡೀಪಾರೂ ವಿಧಿಸಲ್ಪಟ್ಟವು. ವಿನಾಯಕ ದಾಮೋದರ ಸಾವರ್ಕರ್ ಖುಲಾಸೆಯಾದರು. ಸಾವರ್ಕರರ ವಿರುದ್ಧವಿದ್ದ ಮುಖ್ಯ ಸಾಕ್ಷ್ಯ ಬಡ್ಗೆಯದೇ. ಆ ಭಾಗಕ್ಕೆ ಸ್ವತಂತ್ರ ಪುಷ್ಟಿ ಇಲ್ಲದಿರುವಾಗ ಅದನ್ನು ಆಧರಿಸುವುದು ಸುರಕ್ಷಿತವಲ್ಲವೆಂದು ನ್ಯಾಯಾಧೀಶರು ಭಾವಿಸಿದರು. ಅದೇ ಸಾಕ್ಷಿ, ಅದೇ ನ್ಯಾಯಾಲಯ; ಪುಷ್ಟಿ ದೊರೆತಲ್ಲಿ ಶಿಕ್ಷೆ, ದೊರೆಯದಲ್ಲಿ ಖುಲಾಸೆ. ಶಿಮ್ಲಾದಲ್ಲಿ ಮೇಲ್ಮನವಿ ಕೇಳಿದ ಪೂರ್ವ ಪಂಜಾಬ್ ಉಚ್ಚ ನ್ಯಾಯಾಲಯವು 1949ರ ಜೂನ್ 21ರಂದು ಇನ್ನಿಬ್ಬರನ್ನು ಬಿಡುಗಡೆ ಮಾಡಿತು. ಶಂಕರ ಕಿಸ್ತಯ್ಯ ಬಡ್ಗೆಯ ಸೇವಕ. ಯಜಮಾನನ ಆಜ್ಞೆಯಂತೆ ನಡೆದುಕೊಂಡವನು. ದತ್ತಾತ್ರೇಯ ಪರಚುರೆ ತಮ್ಮ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದರು. ಜೊತೆಯಲ್ಲಿ ಓಡಾಡಿದ ಮಾತ್ರಕ್ಕೆ ಒಪ್ಪಂದ ಸಿದ್ಧವಾಗದೆಂಬುದಕ್ಕೆ ಮೊದಲನೆಯ ಖುಲಾಸೆ ದೃಷ್ಟಾಂತ.

ಈ ಪ್ರಕರಣದ ಹಿನ್ನೆಲೆಯನ್ನು ಮುಂದೆ ಪರಿಶೀಲಿಸಿದ ಜೀವನಲಾಲ್ ಕಪೂರ್ ಆಯೋಗದ 1969ರ ವರದಿಯು, ವಿಚಾರಣೆಯ ವೇಳೆ ನ್ಯಾಯಾಲಯದ ಮುಂದೆ ಬಾರದಿದ್ದ ಹೇಳಿಕೆಗಳನ್ನೂ ನೋಡಿ, ಸಾವರ್ಕರರ ಬಗೆಗೆ ಖುಲಾಸೆಗೆ ಹೊಂದದ ಅಭಿಪ್ರಾಯವನ್ನು ದಾಖಲಿಸಿತು. ಸಾವರ್ಕರರು 1966ರಲ್ಲಿಯೇ ನಿಧನರಾಗಿದ್ದರು. ಈ ಎರಡು ನಿರ್ಣಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ರೂಢಿ ಇತಿಹಾಸಲೇಖನದಲ್ಲಿ ಕಂಡುಬರುತ್ತದೆ. ಆಯೋಗದ ಅಭಿಪ್ರಾಯ ಆರೋಪಿಯ ಪಾಟೀಸವಾಲಿಗೆ ಗುರಿಯಾದ ತೀರ್ಪಲ್ಲ. ಖುಲಾಸೆಯ ತೀರ್ಪು ಸಮಗ್ರ ಚಾರಿತ್ರಿಕ ಶೋಧನೆಯೂ ಅಲ್ಲ. ಎರಡರ ಪ್ರಮಾಣಗಳು ಬೇರೆ ಎಂಬ ಅರಿವಿಲ್ಲದೆ ಒಂದರಿಂದ ಇನ್ನೊಂದನ್ನು ಅಳಿಸಲಾಗದು.

ಸಾಂದರ್ಭಿಕ ಸಾಕ್ಷ್ಯದ ಎಚ್ಚರಿಕೆ

ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು ಸಾಂದರ್ಭಿಕ ಸಾಕ್ಷ್ಯದ ಮೂಲಸೂತ್ರಗಳನ್ನು ನಿರೂಪಿಸಿದ್ದು 1952ರ ಹನುಮಂತ ಗೋವಿಂದ ನರಗುಂದಕರ್ ಪ್ರಕರಣದಲ್ಲಿ. ಅದು ಕೊಲೆಯ ಮೊಕದ್ದಮೆಯಲ್ಲ. ಗುತ್ತಿಗೆಗೆ ಸಂಬಂಧಿಸಿದ ಸಂಚು ಮತ್ತು ನಕಲಿ ದಾಖಲೆಯ ಆರೋಪ. ಆದರೆ ಅಲ್ಲಿ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರು ನೆನಪಿಸಿದ್ದು 1838ರ ಹಾಡ್ಜ್ ಕೊಲೆ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಬ್ಯಾರನ್ ಆಲ್ಡರ್‌ಸನ್ ನೀಡಿದ್ದ ಎಚ್ಚರಿಕೆಯನ್ನು. ಬಿಡಿ ಸಂಗತಿಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ಮನಸ್ಸಿಗೆ ಒಂದು ಬಗೆಯ ಸುಖವಿದೆ. ಹೊಂದದಿದ್ದರೆ ಸ್ವಲ್ಪ ಎಳೆದಾದರೂ ಹೊಂದಿಸಲು ಅದು ಹವಣಿಸುತ್ತದೆ. ಮನಸ್ಸು ಚತುರವಾದಷ್ಟೂ ಈ ಅಪಾಯ ಹೆಚ್ಚು ಎಂಬುದು ಅದರ ಸಾರ. 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣವು ಇದೇ ಚಿಂತನೆಯನ್ನು ಐದು ಸೂತ್ರಗಳಲ್ಲಿ ಸಂಗ್ರಹಿಸಿ ಅವನ್ನು ಪಂಚಶೀಲವೆಂದು ಕರೆಯಿತು. ಸಂಗತಿಗಳು ಸಂಪೂರ್ಣವಾಗಿ ಸ್ಥಾಪಿತವಾಗಿರಬೇಕು. ಅವು ಅಪರಾಧದ ಊಹೆಗೆ ಮಾತ್ರ ಹೊಂದಬೇಕು. ನಿರ್ದೋಷಿತ್ವದ ಪ್ರತಿಯೊಂದು ಸಂಭವವನ್ನೂ ನಿವಾರಿಸಬೇಕು ಎಂಬುದು ಅವುಗಳ ತಾತ್ಪರ್ಯ. ತರ್ಕಶಾಸ್ತ್ರದ ಅನುಮಾನಕ್ಕೂ ಬಳಕೆಯ ಅನುಮಾನಕ್ಕೂ ನಡುವಣ ಗೆರೆ ಇದೇ.

1984ರ ಹತ್ಯೆ ಮತ್ತು ಎರಡು ನಿರ್ಣಯಗಳು

ಪ್ರಧಾನಿ ಇಂದಿರಾ ಗಾಂಧಿಯವರನ್ನು 1984ರ ಅಕ್ಟೋಬರ್ 31ರಂದು ಅವರ ಅಂಗರಕ್ಷಕರಾದ ಬೇಅಂತ್ ಸಿಂಗ್ ಮತ್ತು ಸತ್ವಂತ್ ಸಿಂಗ್ ಗುಂಡಿಕ್ಕಿ ಕೊಂದರು. ಬೇಅಂತ್ ಅಂದೇ ಮೃತನಾದ. ಸತ್ವಂತ್ ಜೊತೆಗೆ ಬಲಬೀರ್ ಸಿಂಗ್ ಮತ್ತು ಕೇಹರ್ ಸಿಂಗ್ ಸಂಚಿನ ಆರೋಪ ಎದುರಿಸಿದರು. ವಿಚಾರಣಾ ನ್ಯಾಯಾಲಯ ಮೂವರಿಗೂ ಮರಣದಂಡನೆ ವಿಧಿಸಿತು. ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಸ್ಥಿರೀಕರಿಸಿತು. 1988ರ ಆಗಸ್ಟ್ 3ರಂದು ಸರ್ವೋಚ್ಚ ನ್ಯಾಯಾಲಯ ಬಲಬೀರ್ ಸಿಂಗನನ್ನು ಖುಲಾಸೆ ಮಾಡಿ, ಉಳಿದಿಬ್ಬರ ಶಿಕ್ಷೆಯನ್ನು ಎತ್ತಿಹಿಡಿಯಿತು. ಅವರನ್ನು 1989ರ ಜನವರಿ 6ರಂದು ಗಲ್ಲಿಗೇರಿಸಲಾಯಿತು.

ಈ ತೀರ್ಪು ನೀಡಿದ ಪೀಠದಲ್ಲಿ ನ್ಯಾಯಮೂರ್ತಿಗಳಾದ ಜಿ.ಎಲ್. ಓಝಾ, ಬಿ.ಸಿ. ರೇ ಅವರೊಂದಿಗೆ, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ. ಜಗನ್ನಾಥ ಶೆಟ್ಟಿ ಅವರಿದ್ದರು. ಶೆಟ್ಟಿಯವರ ಪ್ರತ್ಯೇಕ ಆದರೆ ಸಹಮತದ ತೀರ್ಪು ಒಳಸಂಚಿನ ಕಾನೂನಿನಲ್ಲಿ ಇಂದಿಗೂ ಆಗಾಗ ಉಲ್ಲೇಖಗೊಳ್ಳುತ್ತದೆ. ಸಂಚು ರಹಸ್ಯದಲ್ಲಿ ಹುಟ್ಟುವುದರಿಂದ ನೇರ ಸಾಕ್ಷ್ಯ ಅಪೂರ್ವ, ಒಪ್ಪಂದವನ್ನು ನಡತೆಯಿಂದ ಊಹಿಸಬಹುದು ಎಂದು ಅವರು ಒಪ್ಪುತ್ತಾರೆ. ಆದರೆ ಸಹಮತಿಯನ್ನು ಸೂಚಿಸುವ ನಡತೆ ಸ್ಪಷ್ಟವಾಗಿರಬೇಕು. ಸಂಬಂಧವಿಲ್ಲದ ಸಂಗತಿಗಳನ್ನು ಕುಶಲತೆಯಿಂದ ಜೋಡಿಸಿ ಸುಸಂಬದ್ಧತೆಯ ತೋರಿಕೆ ಹುಟ್ಟಿಸಿದರೆ ಅದು ರುಜುವಾತಾಗದು. ನಿರಪಾಯವಾದ, ಆಕಸ್ಮಿಕವಾದ ಘಟನೆಗಳು ತೀರ್ಪಿನೊಳಗೆ ನುಸುಳಬಾರದು ಎಂದೂ ಅವರು ಎಚ್ಚರಿಸುತ್ತಾರೆ.

ಈ ಅಳತೆಗೋಲು ಬಲಬೀರ್ ಸಿಂಗನ ವಿಷಯದಲ್ಲಿ ನೇರವಾಗಿ ಅನ್ವಯಿಸಿತು. ಅವನ ಬಳಿ ದೊರೆತುದೆಂದು ಹೇಳಲಾದ, ಕೆಲವು ತಾರೀಖು ಟಿಪ್ಪಣಿಗಳಿದ್ದ ಒಂದು ಹಾಳೆ ಒಪ್ಪಂದವನ್ನು ತೋರಿಸದೆಂದು ನ್ಯಾಯಾಲಯ ಕಂಡಿತು. ಕೇಹರ್ ಸಿಂಗನ ವಿಷಯ ಹೆಚ್ಚು ಸೂಕ್ಷ್ಮವಾದುದು. ಬೇಅಂತನ ಮನೆಯ ಮಹಡಿಯ ಮೇಲೆ ಅಕ್ಟೋಬರ್ 17ರಂದು ಅವರಿಬ್ಬರೂ ಏಕಾಂತವಾಗಿ ಮಾತನಾಡಿದರೆಂಬುದು, ಅಕ್ಟೋಬರ್ 20ರಂದು ಒಟ್ಟಿಗೆ ಅಮೃತಸರಕ್ಕೆ ಹೋದರೆಂಬುದು ಅವನ ವಿರುದ್ಧದ ಮುಖ್ಯ ಸಂಗತಿಗಳು. ಮಾತಿನ ಒಳವಿವರವನ್ನು ಕೇಳಿದವರಿಲ್ಲ. ಅವನು ಬೇಅಂತನಿಗೆ ಬಂಧು. ಇವೆಲ್ಲ ಸಂಚನ್ನು ತೋರಿಸುತ್ತವೆಂದು ಮೂವರೂ ನ್ಯಾಯಮೂರ್ತಿಗಳು ಒಮ್ಮತದಿಂದ ನಿರ್ಣಯಿಸಿದರು. ಆದರೂ ಬಂಧುಗಳ ಏಕಾಂತ ಮಾತು ಮತ್ತು ಯಾತ್ರೆ ಶೆಟ್ಟಿಯವರೇ ವಿಧಿಸಿದ ಪರೀಕ್ಷೆಯಲ್ಲಿ ಗೆಲ್ಲುತ್ತವೆಯೇ ಎಂಬ ಪ್ರಶ್ನೆ ಕಾನೂನು ಪಂಡಿತರ ಚರ್ಚೆಯಲ್ಲಿ ಉಳಿದುಕೊಂಡಿತು. ತತ್ತ್ವದ ನಿಷ್ಕೃಷ್ಟತೆ ಅದರ ಅನ್ವಯದ ನಿಶ್ಚಿತತೆಗೆ ಖಾತರಿಯಲ್ಲ ಎಂಬುದನ್ನು ಈ ಪ್ರಕರಣ ಮನಗಾಣಿಸುತ್ತದೆ.

ಶ್ರೀಪೆರಂಬುದೂರಿನಿಂದ ಕೋಣನಕುಂಟೆಗೆ

1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ತಲೆಮರೆಸಿಕೊಂಡಿದ್ದ ಶಿವರಾಸನ್ ಮತ್ತು ಸಂಗಡಿಗರು ಅದೇ ವರ್ಷ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಮೃತರಾಗಿ ಪತ್ತೆಯಾದರು. ಹೀಗೆ ಮುಖ್ಯ ಸಂಚುಗಾರರೆಂದು ಹೇಳಲಾದ ಹಲವರು ವಿಚಾರಣೆಯ ಹೊರಗೇ ಉಳಿದರು. ಕಟಕಟೆಯಲ್ಲಿ ನಿಂತ 26 ಮಂದಿಯಲ್ಲಿ ಹತ್ಯೆಯ ಮೊದಲು ನೆರವಾದವರೂ, ಹತ್ಯೆಯ ನಂತರ ಆಶ್ರಯ ನೀಡಿದವರೂ ಸೇರಿದ್ದರು. ಪೂನಮಲ್ಲಿಯ ನಿಯೋಜಿತ ನ್ಯಾಯಾಲಯ 1998ರ ಜನವರಿ 28ರಂದು 26 ಮಂದಿಗೂ ಮರಣದಂಡನೆ ವಿಧಿಸಿತು. 1999ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯ ನಾಲ್ವರ ಮರಣದಂಡನೆಯನ್ನು ಉಳಿಸಿ, ಮೂವರಿಗೆ ಜೀವಾವಧಿ ಶಿಕ್ಷೆ ನೀಡಿ, ಉಳಿದ 19 ಮಂದಿಯನ್ನು ಕೊಲೆಯ ಸಂಚಿನ ಆರೋಪದಿಂದ ಮುಕ್ತಗೊಳಿಸಿತು. ಸಂಚುಗಾರನೊಡನೆ ಸಹವಾಸವಿದ್ದರೆ, ಸಂಚಿನ ಸುಳಿವು ತಿಳಿದಿದ್ದರೆ ಸಾಲದು, ಒಪ್ಪಂದ ಅನಿವಾರ್ಯ. ಕೊಲೆ ಮುಗಿದ ಮೇಲೆ ಆಶ್ರಯ ಕೊಡುವುದು ಬೇರೆ ಅಪರಾಧವಾಗಬಹುದೇ ಹೊರತು ಅದರಿಂದ ಹಿಂದಿನ ಸಂಚಿನಲ್ಲಿ ಪಾಲು ಸಿದ್ಧವಾಗದು. 26ರಿಂದ 7ಕ್ಕೆ ಇಳಿದ ಈ ಸಂಖ್ಯೆಯೇ ಬಲೆಯ ಅಗಲಕ್ಕೂ ರುಜುವಾತಿನ ಅಳತೆಗೂ ಇರುವ ಅಂತರವನ್ನು ಹೇಳುತ್ತದೆ.

ಈ ಪ್ರಕರಣದಲ್ಲಿ ಪ್ರಮುಖ ಸಾಕ್ಷ್ಯವಾದದ್ದು ಪೊಲೀಸ್ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಗಳು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಭಯೋತ್ಪಾದನೆ ತಡೆಗೆ ತಂದ ಟಾಡಾ ಕಾನೂನು ಅದನ್ನು ಅಂಗೀಕಾರಾರ್ಹಗೊಳಿಸಿತ್ತು. ಟಾಡಾ ಅಪರಾಧಗಳು ಇಲ್ಲಿ ಸಾಬೀತಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದರೂ ಆ ಕಾನೂನಿನಡಿ ಪಡೆದ ತಪ್ಪೊಪ್ಪಿಗೆಗಳು ಉಳಿದುಕೊಂಡವು. ಅವನ್ನು ಸಹ ಆರೋಪಿಗಳ ವಿರುದ್ಧ ಮೂಲಭೂತ ಸಾಕ್ಷ್ಯವಾಗಿ ಬಳಸಬಹುದೇ ಎಂಬ ಬಗ್ಗೆ ಪೀಠದಲ್ಲಿ ಒಮ್ಮತವಿರಲಿಲ್ಲ. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರು ಬಹುಮತದಿಂದ ಭಿನ್ನರಾಗಿ, ಅದು ಪೋಷಕ ಸಾಕ್ಷ್ಯ ಮಾತ್ರವೆಂದು ಭಾವಿಸಿದರು.

ಆ ಭಿನ್ನಮತದ ಮಹತ್ವ ಮುಂದೆ ಬೇರೆಯ ರೀತಿಯಲ್ಲಿ ಮನವರಿಕೆಯಾಯಿತು. ಬ್ಯಾಟರಿಗಳನ್ನು ತಂದುಕೊಟ್ಟನೆಂಬ ಆರೋಪದ ಮೇಲೆ ಎ.ಜಿ. ಪೇರರಿವಾಳನ್ ಮರಣದಂಡನೆಗೆ ಗುರಿಯಾಗಿದ್ದರು. ಅವರ ಹೇಳಿಕೆಯನ್ನು ದಾಖಲಿಸಿದ್ದ ಅಧಿಕಾರಿಯು ನಿವೃತ್ತಿಯ ಬಳಿಕ, 2013ರಲ್ಲಿ, ಅವು ಯಾವುದಕ್ಕೆಂದು ತನಗೆ ತಿಳಿದಿರಲಿಲ್ಲವೆಂದು ಆರೋಪಿ ಹೇಳಿದ್ದ ಮಾತನ್ನು ತಾವು ಬರೆದುಕೊಂಡಿರಲಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಒಳಸಂಚಿನ ಕಾನೂನಿನಲ್ಲಿ ‘ತಂದುಕೊಟ್ಟ’ ಎಂಬುದಕ್ಕೂ ‘ತಿಳಿದು ತಂದುಕೊಟ್ಟ’ ಎಂಬುದಕ್ಕೂ ನಡುವೆ ಇರುವುದು ನಿರ್ದೋಷಿತ್ವಕ್ಕೂ ಮರಣದಂಡನೆಗೂ ಇರುವ ಅಂತರ. ಮರಣದಂಡನೆ 2014ರಲ್ಲಿ ಜೀವಾವಧಿಗೆ ಇಳಿದು, 2022ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯ ಸಂವಿಧಾನದ 142ನೆಯ ವಿಧಿಯಡಿ ಅವರನ್ನು ಬಿಡುಗಡೆ ಮಾಡಿತು. ಉಳಿದ ಆರು ಮಂದಿ ಅದೇ ವರ್ಷ ನವೆಂಬರ್‌ನಲ್ಲಿ ಬಿಡುಗಡೆಯಾದರು. ಅಪರಾಧ ನಿರ್ಣಯ ಮಾತ್ರ ರದ್ದಾಗಲಿಲ್ಲ.

ಸಮಾರೋಪ

2024ರ ಜುಲೈ 1ರಿಂದ ದಂಡ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಒಳಸಂಚು ಈಗ ನ್ಯಾಯ ಸಂಹಿತೆಯ 61ನೆಯ ಕಲಮಿನಲ್ಲಿದೆ. ಹಳೆಯ 10ನೆಯ ಕಲಮು ಹೊಸ ಸಾಕ್ಷ್ಯ ಅಧಿನಿಯಮದ 8ನೆಯ ಕಲಮಾಗಿದೆ. ಸ್ಟೀಫನ್ನನ ನಿದರ್ಶನವೂ ಉಳಿದಿದೆ. ಕಾಬೂಲಿನ ಬದಲು ಸಿಂಗಪುರವೆಂಬ ಹೆಸರು ಬಂದಿದೆಯಷ್ಟೆ. ಆದುದರಿಂದ 1940ರಿಂದ 1999ರವರೆಗೆ ನ್ಯಾಯಾಲಯಗಳು ಎಳೆದ ಗೆರೆಗಳ ಪ್ರಸ್ತುತತೆ ಕುಗ್ಗಿಲ್ಲ.

ಆ ಗೆರೆಗಳನ್ನು ಸಂಗ್ರಹಿಸುವುದಾದರೆ, ಸಂಚಿನ ಅಸ್ತಿತ್ವಕ್ಕೆ ಸ್ವತಂತ್ರ ಆಧಾರ ಮೊದಲು ಬೇಕು. ಸಂಚು ಮುಗಿದ ಮೇಲಿನ ಮಾತು ಇನ್ನೊಬ್ಬನನ್ನು ಕಟ್ಟಿಹಾಕದು. ಮಾಫಿ ಸಾಕ್ಷಿಯ ನುಡಿಗೆ ಪ್ರತಿಯೊಬ್ಬ ಆರೋಪಿಯ ಮಟ್ಟಿಗೂ ಬೇರೆಯಾಗಿ ಪುಷ್ಟಿ ದೊರೆಯಬೇಕು. ಸಹವಾಸ, ಬಾಂಧವ್ಯ, ಸುಳಿವಿನ ಅರಿವು ಇವು ಒಪ್ಪಂದವಲ್ಲ. ಇವು ಸಂಚುಗಾರನಿಗೆ ತೋರಿದ ರಿಯಾಯಿತಿಗಳಲ್ಲ. ಒಪ್ಪಂದವನ್ನು ಊಹೆಯಿಂದಲೇ ತಿಳಿಯಬೇಕಾದಲ್ಲಿ ಊಹೆಯ ಶಿಸ್ತೇ ರುಜುವಾತಿನ ಬಲ. ಶಂಕರ ಕಿಸ್ತಯ್ಯ, ಬಲಬೀರ್ ಸಿಂಗ್ ಹಾಗೂ 1999ರ ಹತ್ತೊಂಬತ್ತು ಮಂದಿಯ ಖುಲಾಸೆಗಳು ಆಯಾ ಮೊಕದ್ದಮೆಗಳ ಶಿಕ್ಷೆಗಳಿಗೆ ಕುಂದಲ್ಲ. ಆ ಶಿಕ್ಷೆಗಳನ್ನು ಪರೀಕ್ಷಿಸಲು ಉಳಿದಿರುವ ಅಳತೆಗೋಲುಗಳು ಅವೇ.